ಪ್ಲಗ್ ಕಿತ್ತರೂ ಉತ್ತರ ಕೊಡುತ್ತಿದ್ದ ಕಂಪ್ಯೂಟರು

ಆ ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಆಪರೇಟರಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೊಂದನೆಯ ವಯಸ್ಸಿಗೆ ಟೆಲಿಫೋನ್ ಬೋರ್ಡಿನ ಮುಂದೆ ಕೂತವಳು, ಹದಿನೇಳು ವರ್ಷ "ಹಲೋ, ಆಸ್ಪತ್ರೆ, ಯಾವ ವಾರ್ಡ್ ಬೇಕು?" ಎಂದು ಕೇಳಿ ಕೇಳಿ ಗಂಟಲು ಸವೆಸಿದ್ದಳು. ಆಮೇಲೊಂದು ದಿನ ಆ ಬೋರ್ಡನ್ನು ಬಿಚ್ಚಿ ಗುಜರಿಗೆ ಹಾಕಿದರು. "ದಾಖಲೆ ಕೋಣೆಗೆ ಹೋಗ್ತೀರೋ, ಕಂಪ್ಯೂಟರ್ ಕೋಣೆಗೋ?" ಎಂದು ಆಗಿನ ಅಧಿಕಾರಿ ಕೇಳಿದಾಗ, ದಾಖಲೆ ಕೋಣೆಯ ಧೂಳಿಗೆ ಸೀನು ಬರುತ್ತದೆಂಬ ಒಂದೇ ಕಾರಣಕ್ಕೆ ಕಂಪ್ಯೂಟರ್ ಕೋಣೆ ಎಂದಿದ್ದಳು. ಅಲ್ಲಿ ಕಲಿಸಿಕೊಡುವವರು ಯಾರೂ ಇರಲಿಲ್ಲ. ರಿಪೇರಿಗೆ ಬಂದವರ ಬೆನ್ನ ಹಿಂದೆ ನಿಂತು ನೋಡಿದಳು, ನೋಡಿದ್ದನ್ನು ಉದ್ದನೆಯ ನೋಟ್‌ಬುಕ್ಕಿನಲ್ಲಿ ಚಿತ್ರ ಸಮೇತ ಬರೆದಿಟ್ಟಳು. ಯಾವ ತಂತಿ ಎಲ್ಲಿಗೆ, ಯಾವ ಗುಂಡಿ ಒತ್ತಿದರೆ ಯಾವ ಪುಟ ತೆರೆಯುತ್ತದೆ, ಯಾವ ಪ್ರಶ್ನೆಗೆ 'ಹೌದು' ಅನ್ನಬಾರದು, ಎಲ್ಲವೂ ಅದರಲ್ಲಿತ್ತು. ಹೀಗೆ ಹದಿನಾಲ್ಕು ವರ್ಷ ಕಳೆದು, ಐವತ್ತೆರಡಕ್ಕೆ ಬರುವ ಹೊತ್ತಿಗೆ, ಆಸ್ಪತ್ರೆಯ ಕಂಪ್ಯೂಟರುಗಳ ನಾಡಿ ಹಿಡಿಯುವವಳು ಅವಳೊಬ್ಬಳೇ ಆಗಿದ್ದಳು. ಹಳೆಯ ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು.

ಆಸ್ಪತ್ರೆಗೆ ಒಂದು ಶಾಖೆಯಿತ್ತು, ಬಸ್ಸಿನಲ್ಲಿ ಎರಡೂವರೆ ಗಂಟೆಯ ದಾರಿ. ಅಲ್ಲಿ ಎಕ್ಸ್‌ರೇ ಯಂತ್ರವಿತ್ತು, ತೆಗೆಯುವ ತಂತ್ರಜ್ಞನಿದ್ದ, ತೆಗೆದದ್ದನ್ನು ನೋಡಿ ಹೇಳುವ ಡಾಕ್ಟರು ಇರಲಿಲ್ಲ. ದೊಡ್ಡ ಆಸ್ಪತ್ರೆಯ ಎಕ್ಸ್‌ರೇ ಡಾಕ್ಟರು ವಾರಕ್ಕೆ ಎರಡು ದಿನ ಹೋಗಿ ಬರುತ್ತಿದ್ದರು. ಅವರು ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡು ಮನೆ ಹಿಡಿದ ಮೇಲೆ ಆಪರೇಟರಕ್ಕನೇ ಒಂದು ಏರ್ಪಾಡು ಮಾಡಿಕೊಟ್ಟಿದ್ದಳು. ಡಾಕ್ಟರು ತಮ್ಮ ಮನೆಯ ಕಂಪ್ಯೂಟರಿನಲ್ಲಿ ಗುಪ್ತಪದ ಹೊಡೆದರೆ ಸಾಕು, ಶಾಖೆಯ ಎಕ್ಸ್‌ರೇ ಕೋಣೆಯ ಕಂಪ್ಯೂಟರಿನ ಪರದೆ ಇದ್ದಂತೆ ಇವರ ಮುಂದೆ ತೆರೆದುಕೊಳ್ಳುತ್ತಿತ್ತು. ಮೌಸ್ ಇಲ್ಲಿ ಅಲ್ಲಾಡಿಸಿದರೆ ಬಾಣ ಅಲ್ಲಿ ಓಡುತ್ತಿತ್ತು. ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ನೋಡಿ, ವರದಿ ಬರೆದು ಮುಗಿಸುತ್ತಿದ್ದರು. ಎರಡು ತಿಂಗಳು ಎಲ್ಲವೂ ಬೆಣ್ಣೆಯಂತೆ ನಡೆಯಿತು. "ನೀವೇನಮ್ಮಾ, ನನ್ನ ಕುರ್ಚಿಯನ್ನೇ ಅಲ್ಲಿಗೆ ಸಾಗಿಸಿಬಿಟ್ರಿ!" ಎಂದು ಡಾಕ್ಟರು ಹೊಗಳಿದ್ದರು. ಆ ಮಾತನ್ನು ಅವಳು ಮನೆಯಲ್ಲಿ ಗಂಡನಿಗೆ ಎರಡು ಸಲ ಹೇಳಿದ್ದಳು.

ಒಂದು ಸೋಮವಾರ ಬೆಳಿಗ್ಗೆ ಅದೇ ಡಾಕ್ಟರ ಫೋನು. "ಅಮ್ಮಾ, ನಿಮ್ಮ ಕಂಪ್ಯೂಟರ್ ನನ್ನನ್ನ ಹೊರಗೆ ಹಾಕ್ತು."

"ಏನಂತ ಬರ್ತಿದೆ ಸಾರ್ ಪರದೆ ಮೇಲೆ?"

"ಸಂಪರ್ಕ ಕಡಿದುಹೋಯ್ತು ಅಂತ. ಕಾರಣ ಹೇಳೋಷ್ಟು ಮರ್ಯಾದೆ ಅದಕ್ಕಿಲ್ಲ."

ಇನ್ನೊಂದು ಸಲ ಪ್ರಯತ್ನಿಸಿ ಎಂದಳು. ಆಯಿತು. ಅವಳು ಫೋನಿಟ್ಟು ಮೂರು ನಿಮಿಷವಾಗಿಲ್ಲ, ಮತ್ತೆ ಫೋನು. ಅಂದಿನಿಂದ ಮೂರು ವಾರ ಇದೇ ಪಾಡು. ಕೆಲವು ದಿನ ನಲವತ್ತು ನಿಮಿಷ ಗಟ್ಟಿಯಾಗಿ ನಿಲ್ಲುತ್ತಿತ್ತು, ಕೆಲವು ದಿನ ನಾಲ್ಕೇ ನಿಮಿಷ. ಒಮ್ಮೊಮ್ಮೆ ಒಳಗೇ ಬಿಡುತ್ತಿರಲಿಲ್ಲ. ಪೂರ್ತಿ ಕೆಟ್ಟಿದ್ದರೆ ಒಂದು ತೀರ್ಮಾನಕ್ಕಾದರೂ ಬರಬಹುದಿತ್ತು. ಇದು ಕೆಡುವುದೂ ಇಲ್ಲ, ಸರಿಯಾಗುವುದೂ ಇಲ್ಲ. ಅವಳು ನೋಡಲು ಕೂತಾಗ ಸರಿಯಿರುತ್ತಿತ್ತು, ಎದ್ದು ಬೇರೆ ಕೆಲಸಕ್ಕೆ ಹೋದರೆ ಕೈಕೊಡುತ್ತಿತ್ತು.

ಅವಳೇನೂ ಕೈಕಟ್ಟಿ ಕೂರಲಿಲ್ಲ. ಗುಪ್ತಪದದ ಅವಧಿ ಮುಗಿದಿದೆಯೇ ಎಂದು ನೋಡಿದಳು. ಕಂಪ್ಯೂಟರು ತೂಕಡಿಸಿ ನಿದ್ದೆಗೆ ಜಾರುತ್ತಿದೆಯೇನೋ ಎಂದು ಆ ಸೌಲಭ್ಯವನ್ನೇ ತೆಗೆದುಹಾಕಿದಳು. ಹೊರಗಿನವರನ್ನು ತಡೆಯುವ ಕಾವಲು ತಂತ್ರಾಂಶದ ಪಟ್ಟಿಯನ್ನು ಸಾಲು ಸಾಲಾಗಿ ಓದಿದಳು. ಡಾಕ್ಟರ ಮನೆಗೇ ಹೋಗಿ, ಅವರ ಹೆಂಡತಿ ಕೊಟ್ಟ ಚಹಾ ಆರುವ ತನಕ ಮೇಜಿನ ಕೆಳಗೆ ಕೂತು ತಂತಿಗಳನ್ನು ಬದಲಾಯಿಸಿ ಬಂದಳು. ಲೈನ್ ಕೊಟ್ಟ ಕಂಪನಿಗೆ ಫೋನ್ ಮಾಡಿದರೆ, ಅರ್ಧ ಗಂಟೆ ಸಂಗೀತ ಕೇಳಿಸಿ, "ನಮ್ಮ ಕಡೆಯಿಂದ ಎಲ್ಲಾ ಸರಿಯಿದೆ ಮೇಡಂ" ಎಂದರು. ಎಲ್ಲರ ಕಡೆಯಿಂದಲೂ ಎಲ್ಲವೂ ಸರಿಯಿತ್ತು. ಹಾಗಾದರೆ ಕೆಟ್ಟಿರುವುದು ಯಾರ ಕಡೆ?

ಆ ಶಾಖೆಯಲ್ಲಿ ಅವಳ ಕಣ್ಣೂ ಕೈಯೂ ಆಗಿದ್ದವನು ಎಕ್ಸ್‌ರೇ ತಂತ್ರಜ್ಞ. ಹಿಂದೆ ಕತ್ತಲೆ ಕೋಣೆಯಲ್ಲಿ ಫಿಲಂ ತೊಳೆಯುತ್ತಿದ್ದವನಾದ್ದರಿಂದ ಫಿಲಂ ಅಣ್ಣ ಎಂದು ಹೆಸರು. ಒಳ್ಳೆಯ ಮನುಷ್ಯ, ಕೆಲಸದಲ್ಲಿ ಚೊಕ್ಕ. ಆದರೆ ಕಂಪ್ಯೂಟರಿನ ಬಗ್ಗೆ ಏನು ಕೇಳಿದರೂ ಅವನ ಉತ್ತರ ಒಂದೇ.

"ಎಲ್ಲಾ ಸರಿಯಿದೆ ಅಕ್ಕಾ. ಹಸಿರು ದೀಪ ಉರೀತಿದೆ."

"ಹಿಂದಿನ ತಂತಿ ತೆಗೆದು ಮತ್ತೆ ಹಾಕಿ ಅಂದಿದ್ನಲ್ಲ, ಹಾಕಿದ್ರಾ?"

"ಹಾಕಿದೆ."

"ಮೊದಲು ತೆಗೆದ್ರಾ?"

"ಅದ್ಯಾಕೆ ತೆಗೀಬೇಕು? ಹಾಕಿಯೇ ಇತ್ತಲ್ಲ."

ಅವಳು ಫೋನನ್ನು ಕಿವಿಯಿಂದ ದೂರ ಹಿಡಿದು, ಕಣ್ಣು ಮುಚ್ಚಿ, ಐದು ಎಣಿಸಿ, ಮತ್ತೆ ಕಿವಿಗಿಟ್ಟುಕೊಂಡಳು. "ಅಣ್ಣಾ, ತೆಗೀರಿ. ಕೈಯಲ್ಲಿ ಹಿಡ್ಕೊಳ್ಳಿ. ಆಮೇಲೆ ಹಾಕಿ."

ಎರಡನೆಯ ವಾರ ಆಡಳಿತಾಧಿಕಾರಿ ತಮ್ಮ ಕೋಣೆಗೆ ಕರೆಸಿದರು. ಅವರು ಬಂದು ಒಂದು ವರ್ಷವಾಗಿತ್ತಷ್ಟೆ. ಮೇಜಿನ ಮೇಲೆ ಪೆನ್ನುಗಳನ್ನು ಎತ್ತರದ ಪ್ರಕಾರ ಜೋಡಿಸಿಡುವ ಜಾತಿಯವರು. "ನೋಡಿ, ನಿಮ್ಮ ಬಗ್ಗೆ ನನಗೆ ಗೌರವ ಇದೆ," ಎಂದು ಶುರುಮಾಡಿದಾಗಲೇ ಮುಂದೆ ಏನು ಬರುತ್ತದೆ ಎಂದು ಅವಳಿಗೆ ಗೊತ್ತಾಗಿಹೋಯಿತು. "ನಿಮ್ಮಿಂದ ಆಗ್ಲಿಲ್ಲ ಅಂದ್ರೆ ಹೇಳ್ಬಿಡಿ. ಹೊರಗಿನವರನ್ನ ಕರೆಸೋಣ. ಕಾಲ ಬದಲಾಗಿದೆ, ಎಲ್ಲರಿಗೂ ಎಲ್ಲಾ ಗೊತ್ತಿರ್ಬೇಕು ಅಂತಿಲ್ಲ."

"ಇನ್ನೊಂದು ವಾರ ಕೊಡಿ ಸಾರ್," ಎಂದಳು. ಹೊರಗೆ ಬಂದು ಮೆಟ್ಟಿಲಿಳಿಯುವಾಗ ಕಿವಿ ಬಿಸಿಯಾಗಿತ್ತು. ಹದಿನಾಲ್ಕು ವರ್ಷದಲ್ಲಿ 'ಆಗ್ಲಿಲ್ಲ' ಎಂಬ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಬೇರೆಯವರ ಬಾಯಿಂದ ಅದನ್ನು ಕೇಳಬೇಕಾಯಿತಲ್ಲ ಎಂದು ಮೈಯೆಲ್ಲ ಉರಿಯಿತು.

ಸಂಜೆ ಮನೆಯಲ್ಲಿ ಗಂಡ ತರಕಾರಿ ಹೆಚ್ಚುತ್ತ ಕೂತಿದ್ದ. ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್. ಅವಳು ಹೇಳಿದ್ದನ್ನೆಲ್ಲ ಕೇಳಿ, "ಎಲ್ಲೋ ತಂತಿ ಸಡಿಲ ಆಗಿರ್ತದೆ ಕಣೆ. ಒಂದು ಸಲ ಅಲ್ಲಾಡಿಸಿ ನೋಡು," ಎಂದ.

"ರೀ, ಅದು ಬಸ್ಸಿನ ದೀಪ ಅಲ್ಲ. ತಂತಿ ಅಲ್ಲಾಡಿಸ್ಬೇಕು ಅಂದ್ರೆ ಎರಡೂವರೆ ಗಂಟೆ ದೂರ ಕೈ ಚಾಚ್ಬೇಕು ನಾನು."

"ಹೋಗಿ ಬಾ ಮತ್ತೆ."

"ಯಾರು ಬಿಡ್ತಾರೆ? ದೂರದಿಂದಲೇ ಸರಿಮಾಡೋಕೆ ಅಂತ ಅಲ್ವಾ ಇದನ್ನೆಲ್ಲ ಮಾಡಿದ್ದು!" ಎಂದು ಅವನ ಮೇಲೆ ರೇಗಿದಳು. ಅವನು ಸುಮ್ಮನೆ ಬೀನ್ಸಿನ ತುದಿ ಮುರಿದ. ಆಮೇಲೆ ಊಟದ ಹೊತ್ತಿಗೆ ಅವಳಿಗೇ ನಾಚಿಕೆಯಾಯಿತು. ಆದರೂ ಕ್ಷಮೆ ಕೇಳುವಷ್ಟು ತಾಳ್ಮೆ ಉಳಿದಿರಲಿಲ್ಲ.

ಮೂರನೆಯ ವಾರದ ಗುರುವಾರ ಮಧ್ಯಾಹ್ನ ಅವಳು ತನ್ನ ಕೋಣೆಯ ಕಿಟಕಿಯಿಂದ ಆಂಬುಲೆನ್ಸ್ ಬಂದು ನಿಂತದ್ದನ್ನು ನೋಡಿದಳು. ಶಾಖೆಯ ಗಾಡಿ. ಒಳಗಿಂದ ಒಬ್ಬನನ್ನು ಇಳಿಸಿದರು, ಕುತ್ತಿಗೆಗೆ ಗಟ್ಟಿ ಪಟ್ಟಿ ಕಟ್ಟಿತ್ತು, ಹಣೆಯ ಎರಡೂ ಕಡೆ ಮರಳಿನ ಚೀಲ ಇಟ್ಟು ತಲೆ ಅಲ್ಲಾಡದಂತೆ ಮಾಡಿದ್ದರು. ಹಿಂದೆಯೇ ಒಬ್ಬ ಹೆಂಗಸು ಇಳಿದಳು. ಅವಳ ಕೈಯಲ್ಲಿ ಗಂಡಸಿನ ಒಂದು ಜೊತೆ ಚಪ್ಪಲಿ, ಮೇಲೆಲ್ಲ ಬಿಳಿ ಬಣ್ಣದ ಕಲೆ.

ಆಪರೇಟರಕ್ಕ ಹೊರಗೆ ಹೋಗಿ ಡ್ರೈವರನ್ನು ಕೇಳಿದಳು. ಗೋಡೆಗೆ ಬಣ್ಣ ಹೊಡೆಯುವವನಂತೆ, ಬೆಳಿಗ್ಗೆ ಏಣಿಯಿಂದ ಬಿದ್ದ. ಕುತ್ತಿಗೆಯ ಎಕ್ಸ್‌ರೇ ತೆಗೆದರು. ಡಾಕ್ಟರು ಮನೆಯಿಂದ ಮೊದಲ ಚಿತ್ರ ನೋಡಿದರು. ಎರಡನೆಯದು ತೆರೆಯುವ ಹೊತ್ತಿಗೆ ಸಂಪರ್ಕ ಹೋಯಿತು. ಒಂದು ಗಂಟೆ ಕಾದರೂ ಬರಲಿಲ್ಲ. ಕುತ್ತಿಗೆಯ ವಿಷಯ, ಯಾರು ಜವಾಬ್ದಾರಿ ತೆಗೆದುಕೊಳ್ಳುತ್ತಾರೆ? ಗಾಡಿಗೆ ಹಾಕಿ ಕಳಿಸಿದರು.

ಆ ಹೆಂಗಸು ಇವಳ ಕೊರಳಿನ ಗುರುತಿನ ಚೀಟಿ ನೋಡಿ ಹತ್ತಿರ ಬಂದಳು. "ಅಮ್ಮಾ, ಎಕ್ಸ್‌ರೇ ಅಲ್ಲೇ ತೆಗೆದ್ರಲ್ಲ, ಮತ್ಯಾಕೆ ಇಷ್ಟು ದೂರ ಕರ್ಕೊಂಡು ಬಂದ್ರು? ಅಷ್ಟು ಜೋರಾಗಿದೆಯಾ ಇವ್ರಿಗೆ? ಯಾರೂ ಏನೂ ಹೇಳ್ತಿಲ್ಲ. ದಾರೀಲಿ ಹಳ್ಳ ಬಂದಾಗೆಲ್ಲ ಕಿರುಚ್ತಿದ್ರು."

ಕಂಪ್ಯೂಟರ್ ಕೆಟ್ಟಿತ್ತಮ್ಮ, ಅದನ್ನು ನೋಡಿಕೊಳ್ಳುವವಳು ನಾನೇ ಎಂದು ಹೇಗೆ ಹೇಳುವುದು? "ಇಲ್ಲಿ ಚೆನ್ನಾಗಿ ನೋಡ್ತಾರೆ, ಬನ್ನಿ," ಎಂದು ಆಪರೇಟರಕ್ಕ ಅವಳನ್ನು ಬೆಂಚಿನ ತನಕ ಕರೆದುಕೊಂಡು ಹೋಗಿ ಕೂರಿಸಿ, ನೀರು ತಂದುಕೊಟ್ಟಳು. ಎರಡು ಗಂಟೆಯ ನಂತರ ವಿಷಯ ತಿಳಿಯಿತು: ಮೂಳೆಗೆ ಏನೂ ಆಗಿಲ್ಲ, ಸ್ನಾಯು ಹಿಡಿದುಕೊಂಡಿದೆ ಅಷ್ಟೆ. ಎರಡನೆಯ ಚಿತ್ರ ನೋಡಿದ್ದರೆ ಡಾಕ್ಟರು ಮನೆಯಲ್ಲೇ ಕೂತು ಐದು ನಿಮಿಷದಲ್ಲಿ ಅದನ್ನು ಹೇಳಬಹುದಿತ್ತು. ಒಳ್ಳೆಯ ಸುದ್ದಿಯೇ. ಆದರೆ ಅವಳಿಗೆ ಸಮಾಧಾನವಾಗಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು.

ಮಾರನೆಯ ಬೆಳಿಗ್ಗೆ ಒಂಬತ್ತಕ್ಕೇ ಫಿಲಂ ಅಣ್ಣನಿಗೆ ಫೋನ್ ಮಾಡಿದಳು. ಅವಳ ಮುಂದೆ ಪರದೆಯ ಮೇಲೆ ಒಂದು ಕಪ್ಪು ಕಿಟಕಿ ತೆರೆದಿತ್ತು. ಜಾಲದಲ್ಲಿರುವ ಪ್ರತಿ ಯಂತ್ರಕ್ಕೂ ಮನೆ ನಂಬರಿನ ಹಾಗೆ ಒಂದು ನಂಬರು ಇರುತ್ತದೆ. ಎಕ್ಸ್‌ರೇ ಕೋಣೆಯ ಕಂಪ್ಯೂಟರಿನದು ಐವತ್ತರಲ್ಲಿ ಮುಗಿಯುವ ನಂಬರು. ಆ ನಂಬರನ್ನು ಸೆಕೆಂಡಿಗೊಮ್ಮೆ "ಇದ್ದೀಯಾ?" ಎಂದು ಕೂಗಿ ಕೇಳುತ್ತಿದ್ದರೆ, ಅದು "ಇದ್ದೀನಿ" ಎಂದು ಒಂದೊಂದು ಸಾಲು ಉತ್ತರ ಕೊಡುತ್ತದೆ. ಮೂರು ವಾರದಿಂದ ಅವಳು ಇದನ್ನು ನೋಡುತ್ತಲೇ ಇದ್ದಳು. ಡಾಕ್ಟರು ಹೊರಬಿದ್ದಾಗಲೂ ಉತ್ತರ ತಪ್ಪದೆ ಬರುತ್ತಿತ್ತು. ಹಾಗಾಗಿ ದಾರಿ ಸರಿಯಿದೆ, ಯಂತ್ರ ಎಚ್ಚರವಿದೆ, ತೊಂದರೆ ಯಂತ್ರದ ಒಳಗೇ ಎಂದು ತೀರ್ಮಾನಿಸಿ ಅದರ ಒಳಗನ್ನೆಲ್ಲ ಜಾಲಾಡಿದ್ದಳು.

"ಅಣ್ಣಾ, ಕಂಪ್ಯೂಟರ್ ಪೂರ್ತಿ ಆಫ್ ಮಾಡಿ. ಮಾಡಿ, ಗೋಡೆಯಿಂದ ಪ್ಲಗ್ ಕೀಳಿ. ನಾನು ಹೇಳೋ ತನಕ ಹಾಕ್ಬೇಡಿ."

ಅತ್ತ ಕುರ್ಚಿ ಸರಿದ ಸದ್ದು. "ಹ್ಞಾ, ಕಿತ್ತೆ."

ಕಪ್ಪು ಕಿಟಕಿಯಲ್ಲಿ ಐದಾರು ಸಾಲು ಉತ್ತರ ತಪ್ಪಿತು. ಆಮೇಲೆ ಮತ್ತೆ ಶುರು. ಇದ್ದೀನಿ. ಇದ್ದೀನಿ. ಇದ್ದೀನಿ.

"ಅಣ್ಣಾ, ಕಿತ್ತಿಲ್ಲ ನೀವು."

"ಕಿತ್ತಿದೀನಿ ಅಕ್ಕಾ."

"ನನ್ನ ಕಣ್ಣೆದುರೇ ಉತ್ತರ ಬರ್ತಿದೆ. ತೆಗೀದೇನೇ ತೆಗೆದೆ ಅನ್ನೋದು, ಹಾಕ್ದೇನೇ ಹಾಕ್ದೆ ಅನ್ನೋದು! ನಿನ್ನೆ ಆ ಮನುಷ್ಯ ಕುತ್ತಿಗೆ ಹಿಡ್ಕೊಂಡು ಎರಡೂವರೆ ಗಂಟೆ ನರಳಿದಾನೆ. ನಿಮಗೆ ತಮಾಷೆಯಾ ಇದು?"

ಫಿಲಂ ಅಣ್ಣನ ದನಿ ಬಂತು, ಅವನದಲ್ಲವೇನೋ ಎಂಬಷ್ಟು ಗಡುಸಾಗಿ. "ಆ ಮನುಷ್ಯನ್ನ ಮೇಜಿನ ಮೇಲೆ ಮಲಗಿಸಿ ಎಕ್ಸ್‌ರೇ ತೆಗೆದವನು ನಾನು. ಗಾಡಿಗೆ ಎತ್ತಿ ಹಾಕಿದವನೂ ನಾನೇ. ಇಪ್ಪತ್ತಾರು ವರ್ಷದಲ್ಲಿ ಯಾರೂ ನನ್ನನ್ನ ಸುಳ್ಳುಗಾರ ಅಂದಿಲ್ಲ. ಪ್ಲಗ್ ನನ್ನ ಕೈಯಲ್ಲೇ ಇದೆ. ಬೇಕಾದ್ರೆ ಬಂದು ನೋಡಿ."

ಕಪ್ಪು ಕಿಟಕಿಯಲ್ಲಿ ಸಾಲುಗಳು ಏರುತ್ತಲೇ ಇದ್ದವು. ಅವನು ನಿಜ ಹೇಳುತ್ತಿದ್ದಾನೆ. ಅವನು ಸುಳ್ಳು ಹೇಳುವವನಲ್ಲ ಎಂಬುದು ಅವಳಿಗೂ ಗೊತ್ತು. ಹಾಗಾದರೆ ಪ್ಲಗ್ ಕಿತ್ತ ಕಂಪ್ಯೂಟರು ಉತ್ತರ ಕೊಡುವುದಿಲ್ಲ. ಕೊಡುತ್ತಿರುವುದು ಬೇರೆ ಯಾವುದೋ.

"ಅಣ್ಣಾ," ಎಂದಳು ಮೆಲ್ಲಗೆ, "ಹಾಗೇ ಇರಿ. ಹಾಕ್ಬೇಡಿ."

ಅದೇ ನಂಬರನ್ನು ಬ್ರೌಸರಿನಲ್ಲಿ ಹೊಡೆದಳು. ನಿಧಾನವಾಗಿ ಒಂದು ನೀಲಿ ಪುಟ ತೆರೆಯಿತು. ಮೇಲೆ ಯಾವುದೋ ಕಂಪನಿಯ ಗುರುತು, ಕೆಳಗೆ ದಪ್ಪ ಅಕ್ಷರ: ಹಾಜರಾತಿ ಯಂತ್ರ, ಮುಖ್ಯ ದ್ವಾರ.

"ಅಣ್ಣಾ, ನಿಮ್ಮಲ್ಲಿ ಬಾಗಿಲ ಹತ್ರ ಹಾಜರಾತಿ ಮಶೀನು ಹಾಕಿದಾರಾ?"

"ಓ, ಬೆರಳು ಒತ್ತೋದಾ? ಹಾಕಿದಾರಲ್ಲ. ಮೂರು ವಾರ ಆಯ್ತು."

"ನಾನು ಕೇಳಿದ್ನಲ್ಲ ಅಣ್ಣಾ, ಹೊಸದಾಗಿ ಏನಾದ್ರೂ ತಂದಿದಾರಾ ಅಂತ! ಎರಡು ಸಲ ಕೇಳಿದೆ!"

"ಹೊಸ ಕಂಪ್ಯೂಟರ್ ತಂದ್ರಾ ಅಂತ ಕೇಳಿದ್ರಿ. ಅದು ಕಂಪ್ಯೂಟರ್ ಅಲ್ವಲ್ಲ, ಗೋಡೆಗೆ ಹೊಡೆದಿರೋ ಡಬ್ಬಿ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಾಜರಾತಿ ಯಂತ್ರ ತಂದವರು ಯಾರನ್ನೂ ಕೇಳದೆ ಅದಕ್ಕೆ ಐವತ್ತನೆಯ ನಂಬರು ಕೊಟ್ಟು ಹೋಗಿದ್ದರು. ಒಂದೇ ನಂಬರಿನ ಎರಡು ಮನೆ. ಡಾಕ್ಟರು ಬಾಗಿಲು ತಟ್ಟಿದಾಗ ಒಮ್ಮೆ ಎಕ್ಸ್‌ರೇ ಕಂಪ್ಯೂಟರು ತೆರೆಯುತ್ತಿತ್ತು. ಇನ್ನೊಮ್ಮೆ ಅವರ ಮಾತೇ ಅರ್ಥವಾಗದ ಡಬ್ಬಿಯ ಮುಂದೆ ಹೋಗಿ ನಿಲ್ಲುತ್ತಿದ್ದರು.

"ಇನ್ನೊಂದು ವಿಷಯ ಅಕ್ಕಾ," ಫಿಲಂ ಅಣ್ಣನ ದನಿಯಲ್ಲಿ ಗಡುಸು ಸ್ವಲ್ಪ ಇಳಿದಿತ್ತು. "ಪರದೆ ಮೂಲೇಲಿ ಹಳದಿ ಗುರುತಿನ ಒಂದು ಸಣ್ಣ ಚೌಕ ಬರ್ತಿತ್ತು, ಈ ವಿಳಾಸ ಇನ್ನೊಂದಕ್ಕೂ ಇದೆ ಅಂತ ಏನೋ ಬರೆದಿತ್ತು. ಅಡ್ಡ ಬರ್ತದಲ್ಲ ಅಂತ ಮುಚ್ಚಿಬಿಡ್ತಿದ್ದೆ."

"ದಿನಾ ಬರ್ತಿತ್ತಾ?"

"ದಿನಾ."

ಅವಳು ಹಣೆಯನ್ನು ಮೇಜಿಗೆ ಆನಿಸಿದಳು. ಮೂರು ವಾರ ತಾನು ಹುಡುಕಿದ ಉತ್ತರವನ್ನು ಆ ಯಂತ್ರ ದಿನವೂ ಬರೆದು ತೋರಿಸುತ್ತಿತ್ತು. ಆದರೆ ಬೈಯಲು ಬಾಯಿ ಬರಲಿಲ್ಲ. ಪರದೆಯಲ್ಲಿ ಏನಾದರೂ ಬರುತ್ತದೆಯೇ ಎಂದು ಅವಳೂ ಕೇಳಿರಲಿಲ್ಲ. ದೀಪ ಉರಿಯುತ್ತಿದೆಯಾ, ತಂತಿ ಹಾಕಿದ್ರಾ ಎಂದೇ ಕೇಳುತ್ತಿದ್ದಳು.

ಹಾಜರಾತಿ ಯಂತ್ರ ಹಾಕಿದ ಕಂಪನಿಗೆ ಫೋನ್ ಮಾಡಿದಳು. ನಂಬರು ಬದಲಿಸಲು ಅವರ ಗುಪ್ತಪದ ಬೇಕು, ಅದನ್ನು ಹೇಳುವಂತಿಲ್ಲ, ದೂರು ದಾಖಲಿಸಿದರೆ ನಾಲ್ಕು ದಿನದಲ್ಲಿ ಬರುತ್ತಾರೆ. ಆಡಳಿತಾಧಿಕಾರಿಯ ಕೋಣೆಗೆ ಹೋದಳು, ಅವರು ಸಭೆಯಲ್ಲಿದ್ದರು. ಅಷ್ಟರಲ್ಲಿ ಡಾಕ್ಟರ ಫೋನು: ಅಲ್ಲಿ ಆರು ಜನ ಕಾಯುತ್ತಿದ್ದಾರಂತೆ.

ಅವಳು ಮೆಟ್ಟಿಲ ಮೇಲೆ ನಿಂತೇ ಫಿಲಂ ಅಣ್ಣನಿಗೆ ಫೋನ್ ಮಾಡಿದಳು. "ಆ ಡಬ್ಬಿಗೆ ಎರಡು ತಂತಿ ಇರ್ತದೆ. ದಪ್ಪದ್ದು ಕರೆಂಟು, ಅದನ್ನ ಮುಟ್ಬೇಡಿ. ತೆಳ್ಳಗಿರೋದನ್ನ ಕಿತ್ತುಬಿಡಿ. ಬೆರಳು ಒತ್ತಿದ್ದು ಅದರೊಳಗೇ ಉಳೀತದೆ, ಏನೂ ಕಳೆದುಹೋಗಲ್ಲ."

"ಸಾಹೇಬ್ರು ಕೇಳಿದ್ರೆ?"

"ನನ್ನ ಹೆಸರು ಹೇಳಿ."

ಆ ದಿನ ಡಾಕ್ಟರು ಬೆಳಿಗ್ಗೆ ಹತ್ತೂವರೆಗೆ ಒಳಹೊಕ್ಕವರು ಸಂಜೆ ಐದರವರೆಗೆ ಒಂದು ಸಲವೂ ಹೊರಬೀಳಲಿಲ್ಲ. ಐದೂ ಕಾಲಿಗೆ ಆಡಳಿತಾಧಿಕಾರಿ ಕರೆಸಿದರು. ಅವರ ಪರದೆಯ ಮೇಲೆ ಶಾಖೆಯ ಹಾಜರಾತಿ ಕಾಣಿಸುತ್ತಿರಲಿಲ್ಲ.

"ಕಿತ್ತುಹಾಕೋ ಮೊದಲು ನನಗೊಂದು ಮಾತು ಹೇಳಬಹುದಿತ್ತಲ್ಲ?"

"ನೀವು ಅದನ್ನ ಹಾಕ್ಸೋ ಮೊದಲು ನನಗೊಂದು ಮಾತು ಹೇಳಬಹುದಿತ್ತಲ್ಲ ಸಾರ್?" ಅಷ್ಟಕ್ಕೇ ನಿಲ್ಲಿಸಲಿಲ್ಲ ಅವಳು. "ನಿನ್ನೆ ಬಂದ ಪೇಷಂಟಿಗೆ ಇಲ್ಲಿಗೆ ಬರೋ ಅಗತ್ಯವೇ ಇರ್ಲಿಲ್ಲ. ಆ ಹೆಂಗಸು ಯಾಕೆ ಕರ್ಕೊಂಡು ಬಂದ್ರಿ ಅಂತ ನನ್ನನ್ನ ಕೇಳಿದ್ಲು. ಏನು ಹೇಳ್ಲಿ? ಯಾರು ಎಷ್ಟು ಗಂಟೆಗೆ ಬಂದ್ರು ಅಂತ ನಮಗೆ ಗೊತ್ತಾಗ್ಬೇಕಿತ್ತಮ್ಮಾ, ಅದಕ್ಕೆ ಅಂತ ಹೇಳ್ಲಾ?"

ಅವರು ಪೆನ್ನೊಂದನ್ನು ಎತ್ತಿ ಮತ್ತೆ ಅದೇ ಜಾಗದಲ್ಲಿಟ್ಟರು. "ಸರಿ, ಕಂಪನಿಯವರು ಬರೋ ತನಕ ಹಾಗೇ ಇರ್ಲಿ," ಎಂದರು. ಅಷ್ಟೇ.

ಕಂಪನಿಯವನು ನಾಲ್ಕಲ್ಲ, ಆರನೆಯ ದಿನ ಬಂದ. ಎರಡು ನಿಮಿಷದಲ್ಲಿ ನಂಬರು ಬದಲಿಸಿ, ಕೆಲಸದ ಚೀಟಿಯಲ್ಲಿ 'ಆಸ್ಪತ್ರೆಯ ನೆಟ್‌ವರ್ಕಿನ ದೋಷ ಸರಿಪಡಿಸಲಾಗಿದೆ' ಎಂದು ಬರೆದು ಸಹಿ ಹಾಕಿಸಿಕೊಂಡು ಹೋದ. ತಿಂಗಳ ಸಭೆಯಲ್ಲಿ ಆಡಳಿತಾಧಿಕಾರಿ ಅದನ್ನೇ ಓದಿ, ಸಹಕರಿಸಿದ ಕಂಪನಿಗೆ ಧನ್ಯವಾದ ಹೇಳಿದರು. ಹಿಂದಿನ ಸಾಲಿನಲ್ಲಿ ಕೂತ ಆಪರೇಟರಕ್ಕ ಹಲ್ಲು ಕಚ್ಚಿ ಗೋಡೆ ನೋಡಿದಳು. ಎಕ್ಸ್‌ರೇ ಡಾಕ್ಟರೊಬ್ಬರೇ, ಕಾಲು ಮುರಿದ ಮೇಲೆ ಊರುಗೋಲು ಹಿಡಿದು ಮೊದಲ ಸಲ ಸಭೆಗೆ ಬಂದವರು, "ಕಂಪನಿಯವರಾ? ದೋಷ ಹುಡುಕಿದ್ದು ಯಾರು ಅಂತ ನನಗೆ ಗೊತ್ತು," ಎಂದು ಗೊಣಗಿದರು. ಮುಂದಿನ ವಿಷಯ ಆಗಲೇ ಶುರುವಾಗಿತ್ತು.

ಆ ವಾರವೇ ಅವಳು ರಜೆ ಹಾಕಿ ಬಸ್ ಹತ್ತಿ ಶಾಖೆಗೆ ಹೋದಳು. ಮೊದಲು ಎಕ್ಸ್‌ರೇ ಕೋಣೆಗೆ. ಫಿಲಂ ಅಣ್ಣ ಅವಳನ್ನು ನೋಡಿ ಎದ್ದು ನಿಂತ. ಇಷ್ಟು ವರ್ಷ ಫೋನಿನಲ್ಲಿ ಕೇಳಿದ ದನಿಗೆ ಅವಳು ಎತ್ತರದ ಆಳನ್ನು ಕಲ್ಪಿಸಿಕೊಂಡಿದ್ದಳು, ಅವನು ಅವಳ ಭುಜಕ್ಕೆ ಬರುತ್ತಿದ್ದ.

"ಅಣ್ಣಾ, ಅವತ್ತು ನಾನು ಹಾಗನ್ನಬಾರದಿತ್ತು."

"ಹೌದು, ಅನ್ನಬಾರದಿತ್ತು," ಎಂದ ಅವನು. ಕುರ್ಚಿ ಒರೆಸಿ ಮುಂದಿಟ್ಟ. "ಎರಡು ದಿನ ಊಟ ಸೇರ್ಲಿಲ್ಲ ನನಗೆ. ಕೂತ್ಕೊಳ್ಳಿ."

ಅಂದು ಇಬ್ಬರೂ ಸೇರಿ ಕೋಣೆ ಕೋಣೆ ತಿರುಗಿದರು. ಗೋಡೆಗೆ ಹೊಡೆದ ಡಬ್ಬಿ, ಮೇಜಿನ ಕೆಳಗಿನ ಡಬ್ಬಿ, ಔಷಧಿ ಕೋಣೆಯ ಪ್ರಿಂಟರು, ಎಲ್ಲದರ ನಂಬರನ್ನೂ ಅವನು ಓದಿ ಹೇಳಿದ, ಅವಳು ಬರೆದುಕೊಂಡಳು. ತನಗೆ ಗೊತ್ತಿದ್ದದ್ದು ಹನ್ನೊಂದು, ಸಿಕ್ಕಿದ್ದು ಹತ್ತೊಂಬತ್ತು. ಪ್ರತಿ ಹೊಸದು ಸಿಕ್ಕಾಗಲೂ ಅವಳ ರಕ್ತದೊತ್ತಡ ಒಂದು ಮೆಟ್ಟಿಲು ಏರಿತು.

ಹಿಂದಿರುಗಿದ ಮೇಲೆ ಒಂದು ಪತ್ರ ಬರೆದು ಆಡಳಿತಾಧಿಕಾರಿಯ ಮೇಜಿನ ಮೇಲಿಟ್ಟಳು. ತನ್ನ ಸಹಿಯಿಲ್ಲದೆ ಆಸ್ಪತ್ರೆಯ ಯಾವ ಗೋಡೆಗೂ ತಂತಿಯುಳ್ಳ ಯಾವ ವಸ್ತುವನ್ನೂ ಹಾಕಕೂಡದು. ಮೂರು ಸಲ ಹೋಗಿ ನೆನಪಿಸಿದಳು. ಎಂಟನೆಯ ದಿನ ಅವರು ಸಹಿ ಹಾಕಿ ಕಳಿಸಿದರು.

ಮುಂದಿನ ತಿಂಗಳು ಹೆರಿಗೆ ವಾರ್ಡಿನ ಬಾಗಿಲಿಗೆ ಕ್ಯಾಮೆರಾ ಹಾಕಲು ಬಂದವನೊಬ್ಬ, ಪೆಟ್ಟಿಗೆಯನ್ನು ಎದೆಗವಚಿಕೊಂಡು, ಅವಳ ಕೋಣೆಯ ಹೊರಗೆ ನಿಂತ. ಬಹಳ ಅರ್ಜೆಂಟು, ಇನ್ನೂ ಮೂರು ಕಡೆ ಹೋಗಬೇಕು ಎಂದ. "ಒಂದು ನಿಮಿಷ ನಿಲ್ಲಪ್ಪ," ಎಂದು ಆಪರೇಟರಕ್ಕ ಚಹಾದ ಲೋಟ ಕೈಗೆತ್ತಿಕೊಂಡು, ಬೇಕೆಂದೇ ನಿಧಾನವಾಗಿ ಕುಡಿದಳು.